ಗಂಟೆಗೆ 180 ಚಿತ್ರ

ಆಳಂದದಲ್ಲೋ ಅಫಜಲಪುರದಲ್ಲೋ ಜೇವರ್ಗಿಯಲ್ಲೋ ಒಂದು ಲಗ್ನ ನಡೆದಿದೆ ಎನ್ನಿ. ಡಿಜಿಟಲ್ ಟೇಪಿನಲ್ಲಿ ಹಿಡಿದ ಒಂದು ಗಂಟೆಯ ವಿಡಿಯೊ ಡಿವಿಡಿಯಾಗಿ ಅಮೆರಿಕದ ನೆಂಟರ ಮನೆಗೆ ಹೋಗಬೇಕು. ನಮ್ಮ ಕ್ಯಾಮೆರಾ ಸೆಕೆಂಡಿಗೆ 50 ಚಿತ್ರ ಹಿಡಿದಿದೆ, ಗಂಟೆಗೆ 1,80,000. ಒಂದೊಂದರಲ್ಲೂ ಅರ್ಧದಷ್ಟೇ ಗೆರೆಗಳು. ಅಂಥ ಎರಡು ಸೇರಿದರೆ ಒಂದು ಫ್ರೇಮು. ಆದ್ದರಿಂದಲೇ ನಮ್ಮದು 25 ಫ್ರೇಮಿನ ಟಿವಿ. ಅಲ್ಲಿಯ ಟಿವಿ ಅದೇ ಒಂದು ಗಂಟೆಗೆ 2,15,784 ಚಿತ್ರ ಕೇಳುತ್ತದೆ. ಕಡಿಮೆ ಬಿದ್ದ 35,784ನ್ನು ತುಂಬಿದರೆ ಮುಗಿಯಿತಲ್ಲ ಅನ್ನಿಸುತ್ತದೆ. ಮುಗಿಯುವುದಿಲ್ಲ. ನಮ್ಮ ಚಿತ್ರ, ಅವರ ಚಿತ್ರ ಎರಡೂ ಒಂದೇ ಕ್ಷಣಕ್ಕೆ ಕೂಡಿಬರುವುದು ಗಂಟೆಗೆ 180 ಸಲ ಮಾತ್ರ. ಉಳಿದ 2,15,604 ಚಿತ್ರಗಳು ಯಾವ ಕ್ಯಾಮೆರಾವೂ ಹಿಡಿಯದ ಕ್ಷಣಗಳವು. ಅವನ್ನು ಯಂತ್ರವೇ ಹುಟ್ಟಿಸಬೇಕು.

ಈ ಲೆಕ್ಕದ ಬೇರು ಕರೆಂಟಿನಲ್ಲಿದೆ. ನಮ್ಮ ವಿದ್ಯುತ್ತು ಸೆಕೆಂಡಿಗೆ 50 ಆವರ್ತ ಹೊಡೆಯುತ್ತದೆ, ಅಮೆರಿಕದ್ದು 60. ಹಳೆಯ ಟಿವಿಗಳಲ್ಲಿ ಚಿತ್ರದ ವೇಗ ಕರೆಂಟಿನ ವೇಗಕ್ಕೆ ಹೊಂದದಿದ್ದರೆ ಪರದೆಯ ಮೇಲೆ ಮಬ್ಬು ಪಟ್ಟೆ ಹರಿದಾಡುತ್ತಿತ್ತು. ಹಾಗಾಗಿ ಇಲ್ಲಿ 50, ಅಲ್ಲಿ 60. ಈ 50 ಎಂಬುದು ಊರಿಗೊಂದು ಬಗೆಯದಲ್ಲ. ಆಳಂದ, ಅಫಜಲಪುರಗಳ ಗಡಿ ದಾಟಿದರೆ ಸೊಲ್ಲಾಪುರ ಜಿಲ್ಲೆ; 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರದ 765 ಕಿಲೋವೋಲ್ಟ್ ಮಾರ್ಗವೇ ದಕ್ಷಿಣದ ಜಾಲವನ್ನು ದೇಶದ ಉಳಿದ ಜಾಲಕ್ಕೆ ಜೋಡಿಸಿತು. ಅಂದಿನಿಂದ ಜೇವರ್ಗಿಯ ಟ್ಯೂಬ್‌ಲೈಟೂ ದಿಲ್ಲಿಯ ಟ್ಯೂಬ್‌ಲೈಟೂ ಒಂದೇ ತಾಳಕ್ಕೆ ಮಿನುಗುತ್ತವೆ.

ಅಮೆರಿಕ 60ರಲ್ಲೇ ಉಳಿದಿದ್ದರೆ ನಮ್ಮ ಐದಕ್ಕೆ ಅವರ ಆರು ಎಂಬ ಸಲೀಸು ಲೆಕ್ಕವಿತ್ತು. ಸೆಕೆಂಡಿಗೆ 10 ಚಿತ್ರ, ಗಂಟೆಗೆ 36,000 ಚಿತ್ರ ಕೂಡಿಬರುತ್ತಿದ್ದವು. ಕೆಡಿಸಿದ್ದು 1953ರಲ್ಲಿ ಅಲ್ಲಿ ಒಪ್ಪಿಗೆ ಪಡೆದ ಬಣ್ಣದ ಪದ್ಧತಿ. ಬಣ್ಣದ ಸಂಕೇತವೂ ಧ್ವನಿಯ ಸಂಕೇತವೂ ತಿಕ್ಕಾಡಿ ಪರದೆಯಲ್ಲಿ ಕಲೆ ಮೂಡಿಸುವ ಅಪಾಯವಿತ್ತು. ಧ್ವನಿಯ 45 ಲಕ್ಷ ಹರ್ಟ್ಸ್ ಅನ್ನು ಮುಟ್ಟದೆ, ಅದರ 286ರಲ್ಲಿ ಒಂದು ಪಾಲಿಗೆ ಗೆರೆಗಳ ವೇಗವನ್ನು ಕಟ್ಟಿಹಾಕಿದರು. 60 ಹೋಗಿ 59.94 ಆಯಿತು, ಕರಾರುವಾಕ್ಕಾಗಿ ಹೇಳಿದರೆ 60,000ವನ್ನು 1001ರಿಂದ ಭಾಗಿಸಿದಷ್ಟು. 1001 ಎಂದರೆ 7, 11, 13ರ ಗುಣಲಬ್ಧ. ನಮ್ಮ 1001 ಚಿತ್ರಗಳಿಗೆ ಅವರ 1200. ಈ ಎರಡು ಸಂಖ್ಯೆಗಳಿಗೂ ಸಮಾನ ಅಪವರ್ತನವೇ ಇಲ್ಲ. 20.02 ಸೆಕೆಂಡಿಗೊಮ್ಮೆ ಕೂಡುತ್ತವೆ, ಮತ್ತೆ ಅಗಲುತ್ತವೆ. ವೇಗ ಇಳಿದದ್ದು ಸಾವಿರದಲ್ಲಿ ಒಂದು ಪಾಲು, 36,000 ಕುಸಿದದ್ದು 180ಕ್ಕೆ! ಅಗ್ಗದ ಉಪಾಯಗಳು ಎಷ್ಟು ತುಟ್ಟಿಯಾಗಬಹುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗಂತೂ ಗೊತ್ತಿಲ್ಲ.

ಇನ್ನು ಹುಟ್ಟಿಸುವ ಕೆಲಸ. ಹಿಂದಿನದೊಂದು ಮುಂದಿನದೊಂದು ಚಿತ್ರವನ್ನು ಬೆರೆಸಿಬಿಡುವುದು ಸುಲಭದ ದಾರಿ. ಕೂತು ಮಾತಾಡುವವರಿಗೆ ಅದು ಸಾಕು. ಗಂಟೆಗೆ 140 ಕಿ.ಮೀ. ವೇಗದ ಕ್ರಿಕೆಟ್ ಚೆಂಡು ನಮ್ಮ ಎರಡು ಚಿತ್ರಗಳ ನಡುವೆ 78 ಸೆಂ.ಮೀ. ಸಾಗಿರುತ್ತದೆ, ಬೆರೆಸಿದರೆ ಪರದೆಯ ಮೇಲೆ ಎರಡು ಮಂಕು ಚೆಂಡು. ಒಳ್ಳೆಯ ಯಂತ್ರ ಹಾಗೆ ಬೆರೆಸುವುದಿಲ್ಲ. ಯಾವ ಚೂರು ಎತ್ತ ಸರಿಯಿತು ಎಂದು ಅಳೆದು, ನಡುವಿನ ಜಾಗದಲ್ಲಿ ಒಂದೇ ಚೆಂಡನ್ನು ಇಡುತ್ತದೆ. ಅದಕ್ಕೂ ಬೆವರಿಳಿಸುವ ದೃಶ್ಯ ಲಗ್ನದಲ್ಲೇ ಇದೆ. ಅಕ್ಕಿಕಾಳು ಬೀಳುವ ಗಳಿಗೆಯಲ್ಲಿ ನೂರಾರು ಕಾಳು ನೂರು ದಿಕ್ಕಿನಿಂದ ಹಾರುತ್ತವೆ, ಒಂದನ್ನೊಂದು ಮರೆಮಾಡುತ್ತವೆ. ಸೆಕೆಂಡಿಗೆ 3 ಮೀಟರ್ ಹಾರುವ ಕಾಳು ಮುಂದಿನ ಚಿತ್ರದ ಹೊತ್ತಿಗೆ 6 ಸೆಂ.ಮೀ. ಆಚೆ. ಅಲ್ಲಿರುವುದು ಅದೇ ಕಾಳೋ ಬೇರೆಯದೋ? ಸಾಲದ್ದಕ್ಕೆ ನಮ್ಮ 576 ಗೆರೆಗಳನ್ನು ಅವರ 480ಕ್ಕೆ ಇಳಿಸಬೇಕು. ಹಾಗಾಗಿ ಕ್ಷಣ ಕೂಡಿಬಂದ ಆ 180 ಚಿತ್ರಗಳೂ ಇದ್ದಂತೆ ಉಳಿಯುವುದಿಲ್ಲ. ಒಂದು ಗಂಟೆಗೆ ಲೆಕ್ಕ ಹಾಕಬೇಕಾದ ಬಿಂದುಗಳು 3,728 ಕೋಟಿಗೂ ಹೆಚ್ಚು.

ಬಿಬಿಸಿಯ ಎಂಜಿನಿಯರುಗಳು 1968ರ ಮೆಕ್ಸಿಕೊ ಒಲಿಂಪಿಕ್ಸ್ ಹೊತ್ತಿಗೆ ಇಂಥ ಪರಿವರ್ತನೆಯನ್ನು ಎದುರು ದಿಕ್ಕಿನಲ್ಲಿ, 60ರಿಂದ 50ಕ್ಕೆ, ಸ್ಫಟಿಕದ ತುಂಡುಗಳಲ್ಲಿ ಸಂಕೇತವನ್ನು ತಡೆದು ನಿಲ್ಲಿಸಿ ಮಾಡಿ ತೋರಿಸಿದ್ದರು. ಡಿಜಿಟಲ್ ಯಂತ್ರ ಬಂದದ್ದು ಆಮೇಲೆ. 1982ರಲ್ಲಿ ಎರಡೂ ಬಣಗಳು ಒಪ್ಪಿದ ಒಂದು ಸಂಖ್ಯೆ ಸಿಕ್ಕಿತು: ಸೆಕೆಂಡಿಗೆ 1 ಕೋಟಿ 35 ಲಕ್ಷ ಮಾದರಿ. ಇದರಲ್ಲಿ ನಮ್ಮ ಒಂದು ಗೆರೆಗೆ 864, ಅವರದಕ್ಕೆ 858 ಎಂದು ಪೂರ್ಣಾಂಕವಾಗಿ ಕೂರುತ್ತದೆ.

ಸಿನಿಮಾದ್ದು ಬೇರೆಯೇ ಕತೆ. ಅದರ 24 ಫ್ರೇಮನ್ನು 25ಕ್ಕೆ ಓಡಿಸಿಬಿಡುವುದು 50ರ ದೇಶಗಳ ಟಿವಿಯಲ್ಲಿ ವಾಡಿಕೆ. ಮೂರು ಗಂಟೆಯ ಚಿತ್ರದ 2,59,200 ಫ್ರೇಮುಗಳಲ್ಲಿ ಒಂದೂ ಕಳೆಯುವುದಿಲ್ಲ, ಆದರೆ ಚಿತ್ರ 7 ನಿಮಿಷ 12 ಸೆಕೆಂಡು ಮೊದಲೇ ಮುಗಿಯುತ್ತದೆ. ಧ್ವನಿಯನ್ನು ಸರಿಪಡಿಸದಿದ್ದರೆ ಹಾಡಿನ ಶ್ರುತಿ ಒಂದು ಸ್ವರಸ್ಥಾನದ ಹತ್ತರಲ್ಲಿ ಏಳು ಪಾಲು ಏರುತ್ತದೆ.

ಈ ಗುಣಾಕಾರ ಭಾಗಾಕಾರದ ಗೊಡವೆಯೇ ಇಲ್ಲದೆ ಎರಡೂ ಪದ್ಧತಿಗಳನ್ನು ಹೊತ್ತದ್ದು ಎಟಿಎಸ್–6 ಉಪಗ್ರಹ. 1974–75ರಲ್ಲಿ ಅದು ಅಲಾಸ್ಕ, ಅಪಲೇಚಿಯಾದ ಜನರಿಗೆ ಅಮೆರಿಕದ ಪದ್ಧತಿಯ ಚಿತ್ರ ಕಳಿಸಿತು. ಆಮೇಲೆ ಅದನ್ನು ಆಫ್ರಿಕದ ಮೇಲಕ್ಕೆ ಸರಿಸಿದರು; 1975ರ ಆಗಸ್ಟ್ 1ರಿಂದ ಒಂದು ವರ್ಷ, ಉಪಗ್ರಹದಿಂದ ಹಳ್ಳಿಗಳಿಗೆ ಟಿವಿ ಪಾಠ ತಲುಪಿಸುವ ಸೈಟ್ ಪ್ರಯೋಗದಲ್ಲಿ, ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ನಮ್ಮ 625 ಗೆರೆಯ ಚಿತ್ರ ಇಳಿಸಿತು. ಕರ್ನಾಟಕದಲ್ಲಿ ಆ ಭಾಗ್ಯ ಕಂಡದ್ದು ಗುಲ್ಬರ್ಗಾ, ರಾಯಚೂರು, ಬಿಜಾಪುರ ಸೀಮೆಯ ಹಳ್ಳಿಗಳು. ಒಂದೇ ಚಿತ್ರದ ಜೊತೆ ಎರಡು ಧ್ವನಿ ಬರುತ್ತಿದ್ದವು, ಕನ್ನಡಕ್ಕೊಂದು ತೆಲುಗಿಗೊಂದು. ಸುಮಾರು 36,000 ಕಿ.ಮೀ. ಎತ್ತರದಲ್ಲಿದ್ದ ಉಪಗ್ರಹ ಬಂದ ಸಂಕೇತವನ್ನು ಬಂದಂತೆ ಕೆಳಕ್ಕೆ ಕಳಿಸಿತು. ಫ್ರೇಮು ಎಣಿಸುವ ಪಾಡು ಅದಕ್ಕಿರಲಿಲ್ಲ.

ಈಗಿನ ಮೊಬೈಲುಗಳು ಸಾಮಾನ್ಯವಾಗಿ ಹಿಡಿಯುವುದು 30 ಫ್ರೇಮು. ಸ್ಟುಡಿಯೊದವರ ಕ್ಯಾಮೆರಾದ್ದು 25 ಆಗಿದ್ದರೆ, ಎರಡನ್ನೂ ಸೇರಿಸಿ ಎಡಿಟ್ ಮಾಡುವಾಗ ಮೊಬೈಲಿನ ಆರು ಫ್ರೇಮಿಗೊಂದನ್ನು ಕಿತ್ತೆಸೆಯುವುದೇ ಸರಳ ಉಪಾಯ. ಗಂಟೆಗೆ 18,000 ಫ್ರೇಮು ಕಸಕ್ಕೆ ಹೋಗುತ್ತವೆ; ನಿಧಾನಕ್ಕೆ ಸಾಗುವ ತೇರು ಸೆಕೆಂಡಿಗೆ ಐದು ಸಲ ಎಡವಿದಂತೆ ಕಾಣುತ್ತದೆ. ಬೆಳಕಿನದೂ ಒಂದು ತೊಡಕಿದೆ: ಹಳೆಯ ಚೋಕಿನ ಟ್ಯೂಬ್‌ಲೈಟು ಸೆಕೆಂಡಿಗೆ 100 ಸಲ ಮಿನುಗುತ್ತದೆ. 25 ಫ್ರೇಮಿನಲ್ಲಿ ಒಂದೊಂದಕ್ಕೂ ನೇರ ನಾಲ್ಕು ಮಿನುಗು; ಪಟ್ಟೆ ಬಿದ್ದರೂ ಬಿದ್ದಲ್ಲೇ ನಿಲ್ಲುತ್ತದೆ. 30ರಲ್ಲಿ ಮೂರೂ ಮೂರನೇ ಒಂದು ಮಿನುಗು, ಪಟ್ಟೆ ಕುಣಿಯುತ್ತದೆ. ಕರೆಂಟು ಹೋಗಿ ಮಂಟಪದಲ್ಲಿ ಜನರೇಟರ್ ಹಚ್ಚಿದರೆ, ಅದರ ವೇಗ ಸೆಕೆಂಡಿಗೆ 51 ಆವರ್ತಕ್ಕೆ ಏರಿದರೂ ಸಾಕು, 25ರ ಕ್ಯಾಮೆರಾದಲ್ಲೂ ಪಟ್ಟೆ ತೆವಳತೊಡಗುತ್ತದೆ.