ಇಂಜಿನಿಯರಿಂಗ್ ಶಿಕ್ಷಣದಲ್ಲಿ ಶ್ರವಣದ ಸ್ಥಾನ

ವಿದ್ಯೆಯನ್ನು ಕಿವಿಯಿಂದ ಪಡೆಯುವುದು ನಮ್ಮ ನಾಡಿಗೆ ಹೊಸತಲ್ಲ. ಗಮಕಿಗಳ ವಾಚನವನ್ನೂ ಹರಿಕಥೆಯನ್ನೂ ಕೇಳಿ ಅಕ್ಷರ ಬಾರದವರೂ ಕಾವ್ಯವನ್ನು ಬಲ್ಲವರಾದರು. ಯಂತ್ರದ ಮೂಲಕ ಬರುವ ಧ್ವನಿಯನ್ನೂ ಮೈಸೂರು ಬೇಗನೆ ಸ್ವಾಗತಿಸಿತು. 1935ರಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ 30 ವಾಟ್ ಶಕ್ತಿಯ ಪ್ರಸಾರಯಂತ್ರವನ್ನಿಟ್ಟು ಬಾನುಲಿ ಕೇಂದ್ರವೊಂದನ್ನು ಆರಂಭಿಸಿದರು. ಅದರ 'ಆಕಾಶವಾಣಿ' ಎಂಬ ಹೆಸರೇ ಮುಂದೆ ಭಾರತದ ಬಾನುಲಿಗೆ ಹೆಸರಾಯಿತು. ಪಾಡ್‌ಕಾಸ್ಟ್ ಎಂಬ ಇಂದಿನ ಧ್ವನಿಮಾಲಿಕೆಯು ಈ ಪರಂಪರೆಯದೇ ಹೊಸ ರೂಪವೆನ್ನಬಹುದು. ಇಂಜಿನಿಯರಿಂಗ್ ವಿದ್ಯಾರ್ಥಿಗೆ ಅದರಿಂದ ಆಗುವ ಪ್ರಯೋಜನವೇನು, ಯಾವುದನ್ನು ಹೇಗೆ ಕೇಳಬೇಕು ಎಂಬುದೇ ಪ್ರಸ್ತುತ ಲೇಖನದ ವಿಷಯ.

ಬಾನುಲಿಯ ಕಾರ್ಯಕ್ರಮಕ್ಕೆ ಗೊತ್ತಾದ ವೇಳೆಯುಂಟು. ಪಾಡ್‌ಕಾಸ್ಟಿಗೆ ಆ ಕಟ್ಟುಪಾಡಿಲ್ಲ. ಅಂತರಜಾಲದಲ್ಲಿ ಕಂತುಕಂತಾಗಿ ಪ್ರಕಟವಾಗುವ ಧ್ವನಿಮುದ್ರಿಕೆಗಳು ಚಂದಾದಾರನ ಫೋನಿಗೆ ತಾವಾಗಿಯೇ ಬಂದು ಸೇರುತ್ತವೆ. ಒಮ್ಮೆ ಇಳಿಸಿಕೊಂಡುದನ್ನು ಜಾಲಸಂಪರ್ಕವಿಲ್ಲದೆಡೆಯಲ್ಲಿಯೂ ಕೇಳಬಹುದು. ಈ ಹೆಸರು ಬಳಕೆಗೆ ಬಂದುದು 2004ರಲ್ಲಿ. ಬಿಳಿಗೆರೆಯಂತಹ ಊರಿನಿಂದ ಬಸ್ಸಿನಲ್ಲಿ ಮೈಸೂರಿನ ಕಾಲೇಜಿಗೆ ಹೋಗಿಬರುವ ವಿದ್ಯಾರ್ಥಿಗೆ ಪ್ರಯಾಣದ ಕಾಲವೇ ಶ್ರವಣದ ಕಾಲವಾಗಬಲ್ಲದು. ಕನ್ನಡ ಮಾಧ್ಯಮದಲ್ಲಿ ಓದಿ ಬಂದವನಿಗೆ ಇಂಗ್ಲಿಷಿನ ಪಾರಿಭಾಷಿಕ ಪದಗಳು ಕಿವಿಗೆ ಪರಿಚಿತವಾಗುವುದೂ ಸಣ್ಣ ಲಾಭವಲ್ಲ.

ಆದರೆ ಕಿವಿಗೂ ಒಂದು ಮಿತಿಯಿದೆ. ಸಮೀಕರಣವನ್ನೂ ನಕ್ಷೆಯನ್ನೂ ಕಾಗದದ ಮೇಲೆಯೇ ಕಲಿಯಬೇಕು. ಶ್ರವಣದಿಂದ ದೊರೆಯುವುದು ಬೇರೊಂದು ಬಗೆಯ ಜ್ಞಾನ: ಒಂದು ನಿರ್ಣಯವನ್ನು ಯಾರು, ಯಾವ ಒತ್ತಡದಲ್ಲಿ ಕೈಗೊಂಡರು, ಒಂದು ರಚನೆ ಏಕೆ ಕುಸಿಯಿತು ಎಂಬುದರ ತಿಳಿವಳಿಕೆ. ಇದು ಚರಿತ್ರೆಯ ಕ್ಷೇತ್ರವೂ ಹೌದು.

ಈ ದೃಷ್ಟಿಯಿಂದ ಕೆಲವು ಮಾಲಿಕೆಗಳನ್ನು ಹೆಸರಿಸಬಹುದು. ಅಮೆರಿಕದ ಹ್ಯೂಸ್ಟನ್ ವಿಶ್ವವಿದ್ಯಾನಿಲಯದ ಇಂಜಿನಿಯರಿಂಗ್ ಪ್ರಾಧ್ಯಾಪಕ ಜಾನ್ ಲೀನ್‌ಹಾರ್ಡ್ 1988ರಲ್ಲಿ ಬಾನುಲಿಗಾಗಿ ಆರಂಭಿಸಿದ 'ದಿ ಎಂಜಿನ್ಸ್ ಆಫ್ ಅವರ್ ಇಂಜೆನ್ಯುಯಿಟಿ' ಕೆಲವೇ ನಿಮಿಷಗಳಲ್ಲಿ ಒಂದೊಂದು ಆವಿಷ್ಕಾರದ ಕಥೆಯನ್ನು ಹೇಳುತ್ತದೆ. ಹೊಸಬರು ಇದರಿಂದಲೇ ತೊಡಗುವುದು ಲೇಸು. ಜಾನ್ ಚಿಡ್ಜಿಯವರ 'ಕಾಸಾಲಿಟಿ' ಅವಘಡಗಳನ್ನು ಎತ್ತಿಕೊಂಡು ಕಾರಣಗಳ ಸರಪಣಿಯನ್ನು ಬಿಡಿಸುತ್ತದೆ. ಜರ್ಮನಿಯ ಮಾರ್ಕುಸ್ ಫೋಲ್ಟರ್ 2008ರಲ್ಲಿ ಆರಂಭಿಸಿದ 'ಒಮೆಗಾ ಟೌ' ತಜ್ಞರೊಡನೆ ನಡೆಸಿದ ದೀರ್ಘ ಸಂಭಾಷಣೆಗಳ ಭಂಡಾರ; ವೃತ್ತಿಯಲ್ಲಿರುವವರಿಗೆ ಇದು ಹೆಚ್ಚು ಉಪಯುಕ್ತ. 2010ರಲ್ಲಿ ತೊಡಗಿದ 'ದಿ ಆಂಪ್ ಅವರ್' ಎಲೆಕ್ಟ್ರಾನಿಕ್ಸ್ ವಿಭಾಗದವರಿಗೆ ಮೀಸಲಾದುದು.

ಕೇಳಿದುದನ್ನೆಲ್ಲ ನಂಬುವುದು ತರವಲ್ಲ. ಅಮೆರಿಕದ ಟಕೋಮಾ ನ್ಯಾರೋಸ್ ತೂಗುಸೇತುವೆಯು 1940ರ ನವೆಂಬರಿನಲ್ಲಿ ಗಾಳಿಗೆ ಸಿಕ್ಕಿ ಮುರಿದುಬಿದ್ದುದಕ್ಕೆ ಅನುರಣನವೇ ಕಾರಣವೆಂದು ಅನೇಕ ಪಠ್ಯಗಳು ಹೇಳುತ್ತ ಬಂದವು. ಸೇತುವೆಯ ಚಲನೆಯೇ ಗಾಳಿಯಿಂದ ಮತ್ತಷ್ಟು ಶಕ್ತಿಯನ್ನು ಸೆಳೆದು ತನ್ನ ತೂಗಾಟವನ್ನು ಬೆಳೆಸಿಕೊಂಡಿತೆಂದು ಬಿಲ್ಲಾ ಮತ್ತು ಸ್ಕ್ಯಾನ್ಲನ್ 1991ರಲ್ಲಿ ವಾದಿಸಿದರು. ರೋಚಕವಾದ ಕಥೆಯೆಲ್ಲವೂ ಸರಿಯಾದ ವಿವರಣೆಯಲ್ಲ. ಆದುದರಿಂದ ಮಾತನಾಡುವವರು ಯಾರು, ಅವರ ಆಧಾರವೇನು, ತನಿಖೆಯ ವರದಿಯು ಅದನ್ನು ಸಮರ್ಥಿಸುವುದೇ ಎಂಬ ಮೂರು ಪ್ರಶ್ನೆಗಳನ್ನು ಕೇಳುಗನು ಬರೆದಿಟ್ಟುಕೊಳ್ಳಬೇಕು. ಶಾಸನವನ್ನು ಓದುವಾಗ ಚರಿತ್ರಕಾರನು ಅನುಸರಿಸುವ ಕ್ರಮವೂ ಇದೇ.

ಮೇಲೆ ಹೆಸರಿಸಿದವೆಲ್ಲ ಪರದೇಶದವು. ಕನ್ನಡದಲ್ಲಿ 2018ರಲ್ಲಿ ಆರಂಭವಾದ 'ತಲೆಹರಟೆ'ಯಂತಹ ಮಾಲಿಕೆಗಳು ನಾನಾ ವಿಷಯಗಳನ್ನು ಕುರಿತು ಗಂಭೀರವಾಗಿ ಮಾತನಾಡಬಹುದೆಂಬುದನ್ನು ತೋರಿಸಿವೆ. ಇಂಜಿನಿಯರಿಂಗಿಗೇ ಮೀಸಲಾದ ಕನ್ನಡ ಮಾಲಿಕೆ ಮಾತ್ರ ವಿರಳ. ಇದಕ್ಕೆ ಸಾಮಗ್ರಿಯ ಅಭಾವ ಕಾರಣವಲ್ಲ. ನಂಜನಗೂಡಿನಲ್ಲಿ ಕಪಿಲಾ ನದಿಗೆ 1735ರಲ್ಲಿ ದಳವಾಯಿ ದೇವರಾಜಯ್ಯನ ಕಾಲದಲ್ಲಿ ಕಟ್ಟಿದ ಕಲ್ಲಿನ ಸೇತುವೆಯು ಮುಂದೆ ರೈಲುಮಾರ್ಗವನ್ನೂ ಹೊತ್ತಿತು. ಎತ್ತಿನ ಗಾಡಿಯ ಕಾಲದ ಕಮಾನುಗಳು ರೈಲಿನ ಭಾರವನ್ನು ತಾಳಿದ ಬಗೆಯನ್ನು ಇಂಜಿನಿಯರಿಂಗ್ ವಿದ್ಯಾರ್ಥಿಯು ಲೆಕ್ಕ ಹಾಕಿ ತೋರಿಸಲಿ. ಕಟ್ಟಿದ ಕಾಲದ ದಾಖಲೆಗಳನ್ನು ಚರಿತ್ರೆಯ ವಿದ್ಯಾರ್ಥಿಯು ಪರಿಶೀಲಿಸಲಿ. ಅರ್ಧ ಗಂಟೆಯ ಕಂತಿಗೆ ಇದು ಧಾರಾಳವಾಗಿ ಸಾಕು. 1935ರಲ್ಲಿ ಪ್ರಸಾರಯಂತ್ರವನ್ನೇ ತರಿಸಿಕೊಳ್ಳಬೇಕಾಗಿದ್ದಿತು. ಇಂದು ಧ್ವನಿಮುದ್ರಣಕ್ಕೆ ಪ್ರತಿಯೊಬ್ಬ ವಿದ್ಯಾರ್ಥಿಯ ಕೈಯಲ್ಲಿರುವ ಫೋನೇ ಸಾಕು. ಎರಡು ವಿಭಾಗಗಳ ಅಧ್ಯಾಪಕರು ಒಟ್ಟಿಗೆ ಕುಳಿತು ವರ್ಷಕ್ಕೆ ನಾಲ್ಕು ಕಂತುಗಳನ್ನು ಸಿದ್ಧಪಡಿಸಿದರೂ ಈ ಕೊರತೆ ನೀಗತೊಡಗುವುದು.