ಕರುಳಿನ ಹುಣ್ಣು: ಕ್ಷಯವೋ ಕ್ರೋನ್ಸೋ?

ಪುಣೆ: ಮಲದಲ್ಲಿ ರಕ್ತ ಕಂಡರೆ ‘ಉಷ್ಣವಾಗಿರಬೇಕು’ ಎಂದು ಮಜ್ಜಿಗೆ ಕುಡಿಯುವುದು, ಹೆಚ್ಚಾದರೆ ಮೂಲವ್ಯಾಧಿಯ ಮುಲಾಮು ತರಿಸುವುದು ನಮ್ಮವರ ರೂಢಿ. ನಸುಕಿನಲ್ಲೇ ಹೋಟೆಲಿನ ಬಾಗಿಲು ತೆರೆಯುವವರಿಗೆ ಆಸ್ಪತ್ರೆಗೆ ಬಿಡುವಾದರೂ ಎಲ್ಲಿ? ಆದರೆ ಭೇದಿ, ಹೊಟ್ಟೆನೋವು, ತೂಕದ ಇಳಿಕೆ ವಾರಗಟ್ಟಲೆ ಮುಂದುವರಿದರೆ ಅದು ಕರುಳಿನ ಉರಿಯೂತದ ಕಾಯಿಲೆ ಇರಬಹುದು. ದೊಡ್ಡ ಕರುಳಿನ ಒಳಪೊರೆಯಲ್ಲಿ ಹುಣ್ಣಾಗುವ ಅಲ್ಸರೇಟಿವ್ ಕೊಲೈಟಿಸ್ ಒಂದು ಬಗೆ. 1932ರಲ್ಲಿ ನ್ಯೂಯಾರ್ಕಿನ ಡಾ. ಬರಿಲ್ ಕ್ರೋನ್ ಮತ್ತು ಸಂಗಡಿಗರು ವಿವರಿಸಿದ ಕ್ರೋನ್ಸ್ ಇನ್ನೊಂದು.

ನಮ್ಮ ದೇಶದಲ್ಲಿ ಕಷ್ಟವಿರುವುದು ಈ ಕ್ರೋನ್ಸ್ ವಿಚಾರದಲ್ಲಿ. ಸಣ್ಣ ಕರುಳು ದೊಡ್ಡ ಕರುಳನ್ನು ಸೇರುವ ಜಾಗದಲ್ಲಿ ಕ್ಷಯರೋಗವೂ ಅಂಥದೇ ಹುಣ್ಣು ಮಾಡುತ್ತದೆ. ಕ್ಷಯವನ್ನು ಕ್ರೋನ್ಸ್ ಎಂದು ತಿಳಿದು ಸ್ಟೆರಾಯ್ಡ್ ಕೊಟ್ಟರೆ ರೋಗನಿರೋಧಕ ಶಕ್ತಿ ಕುಗ್ಗಿ ಕ್ಷಯ ಹರಡಬಹುದು. ತಿರುಗಾಮುರುಗಾ ಆದರೆ ತಿಂಗಳುಗಟ್ಟಲೆ ಮಾತ್ರೆ ನುಂಗಿಯೂ ಕರುಳು ಕಿರಿದಾಗುತ್ತಾ ಹೋಗುತ್ತದೆ.

ಕೊಲೊನೊಸ್ಕೋಪಿಯಲ್ಲಿ ತುದಿಗೆ ಕ್ಯಾಮೆರಾ ಇರುವ ಬಳುಕುವ ಕೊಳವೆಯಿಂದ ದೊಡ್ಡ ಕರುಳನ್ನೂ ಸಣ್ಣ ಕರುಳಿನ ಕೊನೆಯನ್ನೂ ನೋಡಿ, ಬಯಾಪ್ಸಿಗೆ ಚೂರು ತೆಗೆಯುತ್ತಾರೆ. ‘ನ್ಯಾರೋ ಬ್ಯಾಂಡ್ ಇಮೇಜಿಂಗ್’ನಲ್ಲಿ ನೀಲಿ, ಹಸಿರು ಬೆಳಕನ್ನು ರಕ್ತ ಹೀರಿಕೊಳ್ಳುವುದರಿಂದ ಒಳಪೊರೆಯ ಸೂಕ್ಷ್ಮ ರಕ್ತನಾಳಗಳು ಎದ್ದು ಕಾಣುತ್ತವೆ. ಕೊಳವೆ ತಲುಪದ ಸಣ್ಣ ಕರುಳಿಗೆ, 2001ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ, ಸುಮಾರು 26 ಮಿ.ಮೀ. ಉದ್ದದ ನುಂಗುವ ಕ್ಯಾಮೆರಾ ಇದೆ. ಕರುಳು ಕಿರಿದಾದವರಲ್ಲಿ ಅದು ಸಿಕ್ಕಿಕೊಳ್ಳಬಹುದು; ಕೇಳಿ ನುಂಗುವುದೇ ಮೇಲು. ಕನ್ನಡ ಸಂಘದ ಶಾಲೆಯಿರುವ ಎರಂಡವಣೆಯಲ್ಲೇ ದೀನಾನಾಥ ಮಂಗೇಶ್ಕರ್ ಆಸ್ಪತ್ರೆಯಲ್ಲಿ ಜೀರ್ಣಾಂಗ ರೋಗಗಳಿಗೆ ಪ್ರತ್ಯೇಕ ಕೇಂದ್ರವಿದೆ.

ಚಿತ್ರ ಎಷ್ಟು ಸ್ಪಷ್ಟವಾಗಿದ್ದರೂ ಕ್ಷಯವೋ ಕ್ರೋನ್ಸೋ ಎಂಬುದನ್ನು ಅದೊಂದೇ ಹೇಳಲಾರದು. ಕೆಲವೊಮ್ಮೆ ಬಯಾಪ್ಸಿಯೂ ಹೇಳದು. ಆಗ ವೈದ್ಯರು ಕ್ಷಯದ ಔಷಧಿ ಆರಂಭಿಸಿ, ಎರಡು ಮೂರು ತಿಂಗಳ ನಂತರ ಮತ್ತೆ ಕೊಲೊನೊಸ್ಕೋಪಿ ಮಾಡಿ ಹುಣ್ಣು ಮಾಗಿದೆಯೇ ಎಂದು ನೋಡುವುದುಂಟು. ನೋವು ಕಡಿಮೆಯಾಯಿತೆಂದು ಈ ಎರಡನೇ ಪರೀಕ್ಷೆ ಬಿಡುವುದೇ ದೊಡ್ಡ ತಪ್ಪು. ಕ್ರೋನ್ಸ್ ಇರುವವರಿಗೂ ಆ ಔಷಧಿಯಿಂದ ತಾತ್ಕಾಲಿಕ ಆರಾಮ ಅನ್ನಿಸಬಹುದು, ಹುಣ್ಣು ಮಾತ್ರ ಹಾಗೇ ಉಳಿದಿರುತ್ತದೆ.

ಈ ನಡುವೆ ಊರಿಗೆ ಹೋಗಿ ಮಣಿಪಾಲದಲ್ಲೋ ಮಂಗಳೂರಿನಲ್ಲೋ ತೋರಿಸುವವರು ವರದಿಯೊಂದಿಗೆ ಬಯಾಪ್ಸಿಯ ಸ್ಲೈಡು, ಬ್ಲಾಕುಗಳನ್ನೂ ಲ್ಯಾಬಿನಿಂದ ಕೇಳಿ ಒಯ್ಯಬೇಕು. ಕೊಲೊನೊಸ್ಕೋಪಿಯ ದಿನ ಮಂಪರಿನ ಔಷಧಿ ಕೊಡುವುದರಿಂದ ಜತೆಗೊಬ್ಬರು ಇರಲಿ, ಸ್ಕೂಟರ್ ಮನೆಯಲ್ಲೇ ಇರಲಿ.