ಪುಣ್ಯಕೋಟಿಯ ಬಳಗ

ಇಪ್ಪತ್ತು ವರ್ಷಗಳಿಂದ ‘ಗೋವಿನ ಹಾಡ’ನ್ನು ಪಾಠ ಹೇಳುತ್ತ ಬಂದಿದ್ದೇನೆ. ಹಸುವಿನ ಸತ್ಯನಿಷ್ಠೆಗೆ ಮನಸೋತ ಹುಲಿ ತಾನೇ ಪ್ರಾಣ ನೀಗುವ ಘಟ್ಟ ಬಂದಾಗ ತರಗತಿಯಲ್ಲಿ ಮೌನ ಕವಿಯುವುದು ವಾಡಿಕೆ. ಈಚೆಗೊಂದು ದಿನ ಪ್ರಾಣಿಶಾಸ್ತ್ರದ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು, “ಹುಲಿ ಸತ್ತ ಮೇಲೆ ಆ ಕಾಡು ಏನಾಯಿತು, ಸಾರ್?” ಎಂದು ಕೇಳಿದಳು. ತರಗತಿ ನಕ್ಕಿತು. ನಾನೂ ನಕ್ಕು ಪಾಠ ಮುಂದುವರಿಸಿದೆ. ಆದರೆ ಪ್ರಶ್ನೆ ನನ್ನ ಬೆನ್ನು ಬಿಡಲಿಲ್ಲ.

ಹುಲ್ಲು ಮೇಯುವ ಪ್ರಾಣಿಯನ್ನು ನಾವು ಸಾಹಿತ್ಯದವರು ಕಂಡದ್ದೆಲ್ಲ ಕರುಣೆಯ ಕಣ್ಣಿನಿಂದ. ಜಿಂಕೆಯೆಂದರೆ ಬೆದರಿದ ನೋಟ, ಬೆನ್ನಟ್ಟಿದ ಬಾಣ. ಪ್ರಕೃತಿಯ ವ್ಯವಸ್ಥೆಯಲ್ಲಾದರೋ ಅದರ ಸ್ಥಾನವೇ ಬೇರೆ. ಬಿಸಿಲನ್ನುಂಡು ಬೆಳೆಯುವುದು ಹುಲ್ಲು. ಆದರೆ ಹುಲ್ಲು ಹುಲಿಯ ಹಸಿವನ್ನು ತಣಿಸದು. ಆ ಹುಲ್ಲನ್ನು ಮಾಂಸವಾಗಿಸಿ, ಬಿಸಿಲಿನ ಬಲವನ್ನು ಹುಲಿಗೆ ದಾಟಿಸುವುದು ಸಸ್ಯಾಹಾರಿ. ದಾಟುವಾಗ ನಷ್ಟವೂ ಅಪಾರ; ಒಂದು ಮೆಟ್ಟಿಲಿನ ಶಕ್ತಿಯಲ್ಲಿ ಸುಮಾರು ಹತ್ತರಲ್ಲೊಂದು ಪಾಲಷ್ಟೇ ಮೇಲಿನದಕ್ಕೆ ಸಲ್ಲುತ್ತದೆ. ಆದುದರಿಂದಲೇ ಒಂದು ಹುಲಿ ಬಾಳಲು ನೂರಾರು ಮೇಯುವ ಪ್ರಾಣಿಗಳು ಬೇಕು. ನಾಗರಹೊಳೆಯಲ್ಲಿ ದೀರ್ಘಕಾಲ ಅಧ್ಯಯನ ನಡೆಸಿದ ಕೆ. ಉಲ್ಲಾಸ ಕಾರಂತರು ತೋರಿಸಿಕೊಟ್ಟದ್ದೂ ಇದನ್ನೇ: ಚುಕ್ಕೆಜಿಂಕೆ, ಕಡವೆ, ಕಾಟಿಗಳು ಹೇರಳವಾಗಿದ್ದಲ್ಲಿಯೇ ಹುಲಿಗಳ ಸಂಖ್ಯೆಯೂ ಹೆಚ್ಚು.

ಈ ನಡುವಿನ ಕೊಂಡಿಯ ಮಹತ್ವಕ್ಕೆ ದೂರದೇಶದ ಎರಡು ನಿದರ್ಶನಗಳನ್ನು ಕೊಡಬಹುದು. 1890ರ ದಶಕದಲ್ಲಿ ಆಫ್ರಿಕಕ್ಕೆ ಹಬ್ಬಿದ ‘ರಿಂಡರ್‌ಪೆಸ್ಟ್’ ಎಂಬ ದನಗಳ ಪಿಡುಗು ಸೆರೆಂಗೆಟಿ ಬಯಲಿನ ವಿಲ್ಡೆಬೀಸ್ಟ್ ಮಂದೆಗಳನ್ನೂ ಬಡಿಯಿತು. ಸುತ್ತಲಿನ ದನಗಳಿಗೆ ಲಸಿಕೆ ಹಾಕಿದ ಫಲವಾಗಿ 1960ರ ದಶಕದಲ್ಲಿ ಪಿಡುಗು ತೊಲಗಿತು. ಆಗ ಸುಮಾರು 2.5 ಲಕ್ಷವಿದ್ದ ಮಂದೆ 1970ರ ದಶಕದ ಕೊನೆಗೆ 12 ಲಕ್ಷವನ್ನು ಮೀರಿತು. ಮಂದೆಗಳು ಹುಲ್ಲನ್ನು ಮೇದುಬಿಟ್ಟುದರಿಂದ ಕಾಳ್ಗಿಚ್ಚಿಗೆ ಉರುವಲು ತಗ್ಗಿತು; ಕಿಚ್ಚು ತಗ್ಗಿದ್ದರಿಂದ ಎಳೆಯ ಗಿಡಗಳು ಮರಗಳಾದವು. ಮೇಯುವ ಬಾಯಿಯೇ ಅಲ್ಲಿ ಮರಗಳನ್ನು ಕಾಯಿತು!

ಎರಡನೆಯದು ಕಡಲಿನದು. ಉತ್ತರ ಪೆಸಿಫಿಕ್ ಸಾಗರದ ತೀರದಲ್ಲಿ ‘ಕೆಲ್ಪ್’ ಎಂಬ ಎತ್ತರದ ಕಡಲಕಳೆ ನೀರೊಳಗಿನ ಅಡವಿಯಂತೆ ಬೆಳೆಯುತ್ತದೆ. ಅದನ್ನು ಮೇಯುವುದು ‘ಸೀ ಅರ್ಚಿನ್’ ಎಂಬ, ಮುಳ್ಳುಚೆಂಡಿನಂಥ ಜೀವಿ. ಅದನ್ನು ತಿನ್ನುವುದು ಕಡಲ ನೀರುನಾಯಿ. ತುಪ್ಪಳದಾಸೆಗೆ ಮನುಷ್ಯರು ನೀರುನಾಯಿಗಳನ್ನು ಬಹುಮಟ್ಟಿಗೆ ಕೊಂದುಹಾಕಿದರು. 1911ರ ಒಪ್ಪಂದದಿಂದಷ್ಟೇ ಅವಕ್ಕೆ ರಕ್ಷಣೆ ದೊರೆಯಿತು. ಅವು ಇಲ್ಲವಾದಲ್ಲಿ ಮುಳ್ಳುಚೆಂಡುಗಳು ಮಿತಿಮೀರಿ ಹೆಚ್ಚಿ ಅಡವಿಯನ್ನೇ ಬೋಳಿಸಿದವು. ಆ ಅಡವಿಯ ಆಸರೆಯಲ್ಲಿದ್ದ ಮೀನುಗಳಿಗೂ ನೆಲೆ ತಪ್ಪಿತು. ಹುಲಿ ಸತ್ತ ಮೇಲೆ ಕಾಡು ಏನಾಯಿತೆಂಬ ಪ್ರಶ್ನೆಗೆ ಉತ್ತರ ಕಡಲಿನ ತಳದಲ್ಲಿದ್ದಿತು!

ಆ ಉತ್ತರ ನಮ್ಮ ಮನೆಬಾಗಿಲಿನದೂ ಹೌದು. ಬಂಡೀಪುರದ ಕಾಡಿನಲ್ಲಿ ಲಂಟಾನ ಪೊದೆ ಹಬ್ಬಿ ಹುಲ್ಲಿನ ನೆಲವನ್ನು ಆಕ್ರಮಿಸುತ್ತಿದೆ. ಹುಲಿಯ ಗಣತಿಯ ಸುದ್ದಿಗೆ ನಾವು ಹಿಗ್ಗುತ್ತೇವೆ. ಹುಲ್ಲಿನ ಗಣತಿಯನ್ನು ಕೇಳುವವರಾರು? ಹುಲ್ಲಳಿದರೆ ಜಿಂಕೆಯಿಲ್ಲ, ಜಿಂಕೆಯಿಲ್ಲದೆ ಹುಲಿಯಿಲ್ಲ.

ಪುಣ್ಯಕೋಟಿ ಹುಲಿಗೆ ಕೊಟ್ಟ ಮಾತನ್ನು ಉಳಿಸಿಕೊಂಡಳು. ಆಕೆಯ ಬಳಗ ದಿನದಿನವೂ ಉಳಿಸಿಕೊಂಡು ಬಂದಿರುವ ಇನ್ನೊಂದು ಮಾತಿದೆ: ಹುಲ್ಲಿನ ಋಣವನ್ನು ಹುಲಿಗೆ ಮುಟ್ಟಿಸುವುದು. ಮುಂದಿನ ವರ್ಷ ಪಾಠ ಆ ಘಟ್ಟಕ್ಕೆ ಬಂದಾಗ, ಆ ಹುಡುಗಿಯ ಪ್ರಶ್ನೆಯನ್ನು ನಾನೇ ತರಗತಿಯ ಮುಂದಿಡಬೇಕೆಂದಿದ್ದೇನೆ. ಈ ಸಲ ನಗುವುದಿಲ್ಲ.